ಹೊಲದ ಬದುವಿಗೆ ಯಾವ ಸೋಲಾರ್ ಒಲೆ? ಪೆಟ್ಟಿಗೆ, ನಳಿಕೆ, ಛತ್ರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಪೆಟ್ಟಿಗೆಗೆ. 1980ರ ದಶಕದಲ್ಲಿ ಸರ್ಕಾರ ಸಬ್ಸಿಡಿ ಕೊಟ್ಟು ಪ್ರಚಾರ ಮಾಡಿತ್ತಲ್ಲ, ಮುಚ್ಚಳದಲ್ಲಿ ಕನ್ನಡಿ, ಒಳಗೆ ನಾಲ್ಕು ಕಪ್ಪು ಡಬ್ಬಿ, ಅದೇ ಸೋಲಾರ್ ಕುಕ್ಕರ್. ಅದರ ಮೂರು ಪಟ್ಟು ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಗಾಜಿನ ನಳಿಕೆಯ ಒಲೆ ಈಗ ಮಾಳಿಗೆಯ ಮೇಲೆ ಶೇಂಗಾ ಹುರಿಯುತ್ತಿದೆ. ಮೂರನೆಯದು ಛತ್ರಿ, ಅಂದರೆ ಡಿಶ್. ಅದು ನನ್ನದಲ್ಲ. ಹುಬ್ಬಳ್ಳಿಯ ಭಾವನಿಂದ ಒಂದು ಬೇಸಿಗೆ ಎರವಲು ತಂದಿದ್ದೆ.

ನಮ್ಮ ಹೊಲ ಗದಗ ಮತ್ತು ಮುಂಡರಗಿಯ ನಡುವೆ, ಎರೆಭೂಮಿ. ಹಿಂಗಾರಿಗೆ ಜೋಳ, ಕಡಲೆ. ಕಡಲೆ ಕೀಳುವ ದಿನಗಳಲ್ಲಿ ಬೆಳಿಗ್ಗೆ ಹೋದವರು ಸಂಜೆಯವರೆಗೂ ಅಲ್ಲೇ. ಬುತ್ತಿ ಒಯ್ಯಬಹುದು, ಒಯ್ಯುತ್ತೇವೆ ಕೂಡ. ಆದರೆ ಬಿಸಿ ಅನ್ನ, ಬಿಸಿ ಪಲ್ಯ ಬೇಕು ಅನ್ನಿಸುತ್ತದೆ. ಮೂರು ಕಲ್ಲು ಹೂಡಿ ಒಲೆ ಹಚ್ಚೋಣ ಅಂದರೆ ನಮ್ಮ ಕಡೆ ಗಾಳಿ ಕೇಳಬೇಡಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಒಣಗಿದ ಕಡಲೆ ಗಿಡದ ಪಕ್ಕ ಒಂದು ಕಿಡಿ ಹಾರಿದರೆ ವರ್ಷದ ಬೆಳೆ ಹೋಯಿತು. ಅದಕ್ಕೇ ಬೆಂಕಿ ಇಲ್ಲದ ಒಲೆ ಹುಡುಕಿದ್ದು.

ರೊಟ್ಟಿಯ ಮಾತು ಇಲ್ಲೇ ಮುಗಿಸುತ್ತೇನೆ. ಪೆಟ್ಟಿಗೆಯಲ್ಲಿ, ನಳಿಕೆಯಲ್ಲಿ ಜೋಳದ ರೊಟ್ಟಿ ಆಗುವುದಿಲ್ಲ. ಛತ್ರಿಯ ಮೇಲೆ ಹಂಚು ಇಡಬಹುದು, ಆದರೆ ನಡುವೆ ಸುಡುತ್ತದೆ, ಅಂಚು ಹಸಿ ಉಳಿಯುತ್ತದೆ. ಖಡಕ್ ರೊಟ್ಟಿ ಮನೆಯಿಂದ ಕಟ್ಟಿಕೊಂಡು ಹೋಗಿ.

ಈಗ ನಳಿಕೆ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಮೇಲು. ಎರಡು ಪದರದ ಬೋರೋಸಿಲಿಕೇಟ್ ಗಾಜು, ನಡುವೆ ನಿರ್ವಾತ. ಒಳಗೆ ಹೊಕ್ಕ ಶಾಖ ಹೊರಗೆ ಬರುವುದು ಕಷ್ಟ. ಹೀಗಾಗಿ ಗಾಳಿಗೆ ಕ್ಯಾರೇ ಅನ್ನುವುದಿಲ್ಲ, ಚಳಿಗಾಲದಲ್ಲೂ ಕಾಯುತ್ತದೆ, ಮೋಡ ಒಂದೆರಡು ನಿಮಿಷ ಅಡ್ಡ ಬಂದರೂ ಬಿಸಿ ಇಳಿಯುವುದಿಲ್ಲ. ಒಳಗೆ ಅಡುಗೆ ಕುದಿಯುತ್ತಿದ್ದರೂ ಹೊರಗಿನ ಗಾಜು ಮುಟ್ಟಿದರೆ ಕೈ ಸುಡುವುದಿಲ್ಲ. ಇಷ್ಟೆಲ್ಲ ನಿಜ. ಜಾಹೀರಾತಿನ ಚಿತ್ರದಲ್ಲಿ ಉದ್ದುದ್ದ ಗಜ್ಜರಿ, ಮೀನು ಸಾಲಾಗಿ ಮಲಗಿದ್ದವು. ತೊಂದರೆ ಅಲ್ಲೇ ಇದೆ. ನಮ್ಮ ಅಡುಗೆ ಹಾಗೆ ಸಾಲಾಗಿ ಮಲಗುವಂಥದ್ದಲ್ಲ.

ನಳಿಕೆಯ ಒಳಗೆ ಉದ್ದನೆಯ ತಟ್ಟೆ ಒಂದು ಜಾರಿ ಹೋಗುತ್ತದೆ. ಉದ್ದ ತೋಳಿನಷ್ಟು, ಅಗಲ ಮುಷ್ಟಿಯಷ್ಟು. ಮೊದಲು ಅವ್ವ ಎಣ್ಣೆಗಾಯಿ ಮಾಡಲು ಕೂತಳು. ಮಸಾಲೆ ತುಂಬಿದ ದುಂಡು ಬದನೆಕಾಯಿ ಅರ್ಧ ಒಳಗೆ, ಅರ್ಧ ಹೊರಗೆ. ಸಣ್ಣವನ್ನು ಆರಿಸಿ, ಒತ್ತಿ, ದೂಡಿ ಒಳಗೆ ಸೇರಿಸಿದ್ದಾಯಿತು. ತುಂಬಿದ ಮಸಾಲೆ ಎಲ್ಲ ಗಾಜಿಗೆ ಮೆತ್ತಿತು. "ಅಡಗಿ ಮಾಡಾಕತ್ತೀವೋ, ಬಂದೂಕಿಗೆ ಮದ್ದು ತುಂಬಾಕತ್ತೀವೋ?" ಅಂದಳು. ಹೋಗಲಿ, ಬದನೆಕಾಯಿ ಹೆಚ್ಚಿ ಹಾಕಿದರಾಯಿತು ಅನ್ನಬಹುದು. ಬೇಳೆಗೆ ಏನು ಮಾಡುತ್ತೀರಿ?

ಬೇಳೆ ಕುದಿಯುವಾಗ ನೊರೆ ಬರುತ್ತದೆ. ಪಾತ್ರೆಯಲ್ಲಾದರೆ ಮೇಲೆ ಏರುತ್ತದೆ, ಸೌಟು ಹಾಕಿ ಇಳಿಸುತ್ತೇವೆ. ಇಲ್ಲಿ ನೊರೆಗೆ ಇರುವ ದಾರಿ ನಳಿಕೆಯ ಬಾಯಿ ಒಂದೇ. ಅಲ್ಲಿಂದ ತೊಟ್ಟಿಕ್ಕಿ ಕೆಳಗಿನ ಹೊಳಪಿನ ತಗಡಿನ ಮೇಲೆ ಬೀಳುತ್ತದೆ. ಆ ತಗಡಿನಿಂದಲೇ ಬಿಸಿಲು ನಳಿಕೆಗೆ ಹೋಗಬೇಕು. ಅದರ ಮೇಲೆ ಬೇಳೆಕಟ್ಟು ಒಣಗಿ ಅಂಟಿದರೆ ಗಟ್ಟಿಯಾಗಿ ಉಜ್ಜುವ ಹಾಗಿಲ್ಲ, ಗೀರು ಬಿದ್ದರೆ ಹೊಳಪು ಹೋಯಿತು. ನೀರು ಕಡಿಮೆ ಹಾಕಿದರೆ ನೊರೆ ಕಡಿಮೆ, ಆದರೆ ಬೇಳೆ ಒಂದು ತುದಿಯಲ್ಲಿ ಬೆಂದು ಇನ್ನೊಂದು ತುದಿಯಲ್ಲಿ ಕಾಳಾಗಿಯೇ ಉಳಿಯುತ್ತದೆ. ಬಿಸಿಲಿಗೆ ಮುಖ ಮಾಡಲು ನಳಿಕೆಯನ್ನು ಓರೆ ಇಟ್ಟರೆ ನೀರೆಲ್ಲ ಒಂದೇ ಕಡೆ ಇಳಿಯುತ್ತದಲ್ಲ, ಅದಕ್ಕೆ. ಕಲಕೋಣ ಅಂದರೆ ಇಡೀ ತಟ್ಟೆ ಹೊರಗೆ ಎಳೆಯಬೇಕು. ಕುದಿಯುವ ಬೇಳೆ ತುಂಬಿದ ತೋಳುದ್ದದ ತಟ್ಟೆಯನ್ನು ಬದುವಿನ ಮೇಲೆ ನಿಂತು, ಗಾಳಿಯಲ್ಲಿ, ಕೈ ಅಲುಗಿಸದೆ ಎಳೆದು ನೋಡಿ. ನನ್ನ ಪ್ಯಾಂಟಿನ ಮೇಲಿನ ಅರಿಷಿಣದ ಕಲೆ ಇನ್ನೂ ಹೋಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಇಬ್ಬರಿಗೆ ಸಾಲುವಷ್ಟು. ನಾವು ಐದು ಮಂದಿ, ಕೂಲಿಯವರು ಬೇರೆ. ಎರಡನೇ ಸರತಿ ಹಾಕೋಣ ಅಂದರೆ ಕಾದ ನಳಿಕೆಗೆ ತಣ್ಣೀರು ತಾಗಬಾರದು, ಗಾಜು ಸಿಡಿಯುತ್ತದೆ. ಅದು ಆರುವ ತನಕ ಕಾಯುತ್ತಾ ಕೂತರೆ ಮೊದಲು ಉಂಡವರಿಗೆ ಮತ್ತೆ ಹಸಿವಾಗುತ್ತದೆ. ಇನ್ನು ಹೊಲಕ್ಕೆ ಒಯ್ಯುವ ಪಾಡು. ಬೈಕಿನ ಹಿಂದೆ, ಎರಡು ಕೌದಿಯಲ್ಲಿ ಸುತ್ತಿ, ಹಿಂದೆ ಕೂತವರು ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕು. ಕೈಯಲ್ಲಿ ಎತ್ತಲು ಹಗುರ, ನಿಜ. ಮನಸ್ಸಿಗೆ ಮಾತ್ರ ಭಾರ.

ಛತ್ರಿಯ ಬಗ್ಗೆ ಇಷ್ಟು ಉದ್ದ ಬರೆಯಬೇಕಿಲ್ಲ. ಶಾಖ ಬೇಕಾದಷ್ಟು ಕೊಡುತ್ತದೆ. ಸುಮಾರು 1.4 ಮೀಟರ್ ಅಗಲದ ಡಿಶ್, ಬಿಸಿಲೆಲ್ಲ ಪಾತ್ರೆಯ ತಳಕ್ಕೆ. ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುತ್ತದೆ, ಒಗ್ಗರಣೆ ಚಟಪಟ ಅನ್ನುತ್ತದೆ, ಅನ್ನ ಅರ್ಧ ತಾಸಿನಲ್ಲಿ ತಯಾರು. ಉಳಿದ ಎರಡರಲ್ಲಿ ಒಗ್ಗರಣೆಯ ಸುಖ ಇಲ್ಲ. ಆದರೆ ಯಾರಾದರೂ ಪಕ್ಕದಲ್ಲೇ ನಿಂತಿರಬೇಕು. ಸೂರ್ಯ ತಾಸಿಗೆ 15 ಡಿಗ್ರಿ ಸರಿಯುತ್ತಾನೆ, ಕಾಲು ತಾಸಿಗೊಮ್ಮೆ ತಿರುಗಿಸದಿದ್ದರೆ ಬಿಸಿಲು ಪಾತ್ರೆಯನ್ನು ಬಿಟ್ಟು ಎಲ್ಲೋ ಬೀಳುತ್ತದೆ. ಎಲ್ಲಿ ಬೀಳುತ್ತದೆ ಅನ್ನುವುದೂ ಮುಖ್ಯ, ಒಣ ಕಣಿಕೆ ಹತ್ತಿಕೊಳ್ಳಲು ಅಷ್ಟು ಸಾಕು. ಕಪ್ಪು ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಗಾಳಿ ಬಂದರೆ ಛತ್ರಿ ಮಗುಚುತ್ತದೆ, ಕಾಲಿಗೆ ಕಲ್ಲು ಹೇರಬೇಕು. ಹುಬ್ಬಳ್ಳಿಯ ಮನೆಯ ಮಾಳಿಗೆಗೆ, ದಿನವೂ ಮಧ್ಯಾಹ್ನ ಯಾರಾದರೂ ಇರುವ ಮನೆಗೆ, ಅದು ಸರಿ. ಹೊಲಕ್ಕೆ ಒಯ್ಯುವ ವಸ್ತುವಲ್ಲ.

ಪೆಟ್ಟಿಗೆ ನಿಧಾನ, ಅದರಲ್ಲಿ ಎರಡು ಮಾತಿಲ್ಲ. ಒಳಗಿನ ಗಾಳಿ 120ರಿಂದ 140 ಡಿಗ್ರಿಯ ತನಕ ಏರಬಹುದು, ಅಡುಗೆ ಮಾತ್ರ ನೂರರ ಆಸುಪಾಸಿನಲ್ಲೇ ಬೇಯುತ್ತದೆ. ಹೀಗಾಗಿ ಏನೂ ಸೀಯುವುದಿಲ್ಲ, ಏನೂ ಉಕ್ಕುವುದಿಲ್ಲ. ಹತ್ತು ಗಂಟೆಗೆ ಒಂದು ಡಬ್ಬಿಯಲ್ಲಿ ಅಕ್ಕಿ, ಒಂದರಲ್ಲಿ ರಾತ್ರಿ ನೆನೆಸಿದ ಹೆಸರುಕಾಳು, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಇಡೀ ಇಡೀ ಬದನೆಕಾಯಿ ಇಟ್ಟು ಕಡಲೆ ಕೀಳಲು ಹೋಗುತ್ತೇವೆ. ನಡುವೆ ಯಾರಾದರೂ ನೀರು ಕುಡಿಯಲು ಬಂದವರು ಪೆಟ್ಟಿಗೆಯನ್ನು ಒಂದಿಷ್ಟು ತಿರುಗಿಸಿದರೆ ಆಯಿತು. ಹನ್ನೆರಡೂವರೆ, ಒಂದರ ಹೊತ್ತಿಗೆ ಊಟ. ತಡವಾದರೂ ತೊಂದರೆ ಇಲ್ಲ, ಬಿಸಿಯಾಗಿಯೇ ಕಾಯುತ್ತಿರುತ್ತದೆ. ನೀರು ಮಾತ್ರ ಒಲೆಯ ಮೇಲಿನ ಅಳತೆಗಿಂತ ಕಡಿಮೆ ಹಾಕಿ, ಆವಿ ಹೆಚ್ಚು ಹೊರಗೆ ಹೋಗುವುದಿಲ್ಲ.

ಅದಕ್ಕೂ ಕಿರಿಕಿರಿ ಇವೆ. ಕನ್ನಡಿಯ ಮುಚ್ಚಳ ಗಾಳಿಗೆ ದಪ್ ಅಂತ ಬೀಳುತ್ತದೆ, ದಾರ ಕಟ್ಟಿ ಗೂಟಕ್ಕೆ ಬಿಗಿಯಬೇಕು. ಭಾರ. ರಬ್ಬರ್ ಬೀಡಿಂಗ್ ಸಡಿಲವಾದರೆ ಗಾಜಿನ ನಡುವೆ ಮಂಜು ಕಟ್ಟುತ್ತದೆ. ಎಳ್ಳ ಅಮಾವಾಸ್ಯೆಯ ದಿನಗಳಲ್ಲಿ ನಮ್ಮಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 51 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಆಗ ಕನ್ನಡಿ ಉತ್ತರದ ಬದಿಗೆ ಬರುವ ಹಾಗಿಟ್ಟು, ಹಿಂಬದಿಗೆ ಒಂದು ಕಲ್ಲು ಕೊಟ್ಟು ತುಸು ಎತ್ತಿ. ಅಷ್ಟಾದರೂ ಬೇಸಿಗೆಗಿಂತ ತಾಸು ಜಾಸ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ಮೂರಕ್ಕೂ ರಜೆ. ಧಾರವಾಡದ ಕಡೆಯವರಿಗೆ ಮಳೆ, ಮೋಡ ನಮಗಿಂತ ಜಾಸ್ತಿ, ರಜೆಯೂ ಜಾಸ್ತಿ.

ಮನೆಯಲ್ಲಿ ಇಬ್ಬರೇ ಇದ್ದು, ಹುರಿಯುವುದು ಜಾಸ್ತಿ, ದುಡ್ಡಿಗೂ ಚಿಂತೆ ಇಲ್ಲ ಅಂದರೆ ನಳಿಕೆ ತಗೊಳ್ಳಿ. ಶೇಂಗಾ ಅದರಲ್ಲಿ ಹುರಿದಷ್ಟು ಹದವಾಗಿ ನನಗೆ ಬಾಣಲೆಯಲ್ಲೂ ಬರುವುದಿಲ್ಲ, ಚಟ್ನಿ ಪುಡಿಗೆ ಅದೇ ಬೇಕು ಅನ್ನುತ್ತಾಳೆ ಅವ್ವ. ನಮ್ಮ ಹಾಗೆ ಐದಾರು ಮಂದಿ, ಕೈತುಂಬ ಕೆಲಸ, ಕಡಿಮೆ ಬಜೆಟ್ ಇದ್ದವರಿಗೆ ಪೆಟ್ಟಿಗೆಯೇ. ಕೊಳ್ಳುವಾಗ ಡಬ್ಬಿಗಳ ಹೊರಗಿನ ಕಪ್ಪು ಬಣ್ಣ ಉಗುರಿನಿಂದ ಕೆರೆದು ನೋಡಿ. ನಮ್ಮವುಗಳ ಬಣ್ಣ ಏಳುತ್ತಿದೆ, ಬಿಳಿ ಅಲ್ಯೂಮಿನಿಯಂ ಕಂಡಷ್ಟೂ ಬೇಯುವುದು ತಡ. ಕಡಲೆ ಕೀಳುವುದರೊಳಗೆ ಹೊಸ ಬಣ್ಣ ಹೊಡೆಸಬೇಕು.