2500 ಪಟ್ಟು ಬೇಡ, ಆ ಪುಟ್ಟ ಹಿಡಿ ಸಾಕು: ಸ್ಟೂಡೆಂಟ್ ಮೈಕ್ರೋಸ್ಕೋಪ್ ಬಹಳ ಕಾಲ ಬಳಸಿದ ಮೇಲೆ

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 2500 ಪಟ್ಟು ಅಂತ ಹಾಕಿದ್ದಾರೆ. ಕೊಳ್ಳುವವರು ಈ ಅಂಕಿ ನೋಡಿಯೇ ಮನಸ್ಸು ಮಾಡುವುದರಿಂದ ಮೊದಲು ಇದನ್ನೇ ಹೇಳಿಬಿಡುತ್ತೇನೆ. ಸ್ಲೈಡಿನ ಹತ್ತಿರ ಇರುವ 100ರ ಲೆನ್ಸಿಗೆ, ಅಂದರೆ ಆಬ್ಜೆಕ್ಟಿವ್‌ಗೆ ಜೊತೆಯಲ್ಲಿ ಕೊಟ್ಟ, ಕಣ್ಣಿಡುವ ಕಡೆಯ 25ರ ಐಪೀಸ್ ಸೇರಿಸಿದರೆ ಲೆಕ್ಕಕ್ಕೆ 2500 ಆಗುತ್ತದೆ, ನಿಜ. ಕಣ್ಣಿಗೆ ಬೀಳುವುದು ಮಾತ್ರ ದೊಡ್ಡ ಮಬ್ಬು. ಬೆಳಕು ಅಲೆಯಾಗಿ ಹರಿಯುತ್ತದೆ, ಅದಕ್ಕೇ ಇಂಥ ಮೈಕ್ರೋಸ್ಕೋಪಿಗೆ ಒಂದು ಮಿತಿ ಇದೆ. ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಇದನ್ನು ವಿವರಿಸಿದ್ದರು. ಒಂದು ಮಿಲಿಮೀಟರನ್ನು 5,000 ಪಾಲು ಮಾಡಿ, ಅದರಲ್ಲಿ ಒಂದು ಪಾಲಿಗಿಂತ ಹತ್ತಿರ ಇರುವ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತವೆ. ಆಬ್ಜೆಕ್ಟಿವ್ ಮೇಲೆ 100ರ ಪಕ್ಕ 1.25 ಅಂತ ಇರುತ್ತದೆ, ಲೆನ್ಸು ಎಷ್ಟು ಅಗಲಕ್ಕೆ ಬೆಳಕು ಹಿಡಿಯುತ್ತದೆ ಅನ್ನುವ ಅಂಕಿ ಅದು. ಅದರ ಸಾವಿರ ಪಟ್ಟು, ಅಂದರೆ 1250 ದಾಟಿದ ಮೇಲೆ ಹೊಸದೇನೂ ಕಾಣುವುದಿಲ್ಲ. ಅಷ್ಟಕ್ಕೂ ಲೆನ್ಸಿಗೂ ಸ್ಲೈಡಿಗೂ ನಡುವೆ ಎಣ್ಣೆ ಹನಿ ಹಾಕಲೇಬೇಕು. ಮಕ್ಕಳಿಗೆ ಅಂತ ದುಡ್ಡು ಕೂಡಿಟ್ಟು ಕೊಳ್ಳುವವರಿಗೆ ಇಂಥ ಅಂಕಿ ತೋರಿಸುವುದು ಸರಿಯಲ್ಲ.

ಇನ್ನೊಂದು ದೂರು. ಕೆಲವೇ ತಿಂಗಳಲ್ಲಿ ಸ್ಟೇಜ್, ಅಂದರೆ ಸ್ಲೈಡ್ ಇಡುವ ತಟ್ಟೆ, ತಾನಾಗಿಯೇ ಕೆಳಗೆ ಜಾರತೊಡಗಿತು. ನೋಡ್ತಾ ಇದ್ದ ಹಾಗೇ ಫೋಕಸ್ ತಪ್ಪುತ್ತಿತ್ತು. ಮಾರಿದವರು ಫೋನ್ ಎತ್ತಲಿಲ್ಲ. ಕೊನೆಗೆ ಫೋಕಸ್ ಮಾಡುವ ದೊಡ್ಡ ನಾಬ್ ಪಕ್ಕದಲ್ಲಿರುವ ಬಳೆ ಬಿಗಿ ಮಾಡಿದೆ, ನಿಂತಿತು. ನಿಮ್ಮದೂ ಜಾರುತ್ತಿದ್ದರೆ ಮೊದಲು ಅದನ್ನು ನೋಡಿ.

ಇಷ್ಟೆಲ್ಲ ಸಿಟ್ಟಿದ್ದರೂ ಇದನ್ನು ಮಾರಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಸ್ಟೇಜ್ ಕೆಳಗೆ, ದೀಪದ ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಲೆನ್ಸಿಗೆ, ಅಂದರೆ ಕಂಡೆನ್ಸರ್‌ಗೆ ಅಂಟಿಕೊಂಡಿರುವ ಒಂದು ಪುಟ್ಟ ಹಿಡಿ.

ಭಾನುವಾರ ಬೆಳಿಗ್ಗೆ ದಾವಣಗೆರೆಯ ಕುಂದವಾಡ ಕೆರೆ ಕಡೆ ವಾಕಿಂಗ್ ಹೋದಾಗ ದಡದ ಕಲ್ಲಿನ ಪಾಚಿ ಕೆರೆದು, ಸ್ವಲ್ಪ ನೀರಿನ ಜೊತೆ ಸಣ್ಣ ಬಾಟಲಿಯಲ್ಲಿ ತರುತ್ತೇನೆ. ಮುಚ್ಚಳ ಸಡಿಲ ಮಾಡಿ ಕಿಟಕಿ ಹತ್ತಿರ ಇಡುತ್ತೇನೆ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಪಾಚಿಯ ಬುಡದಿಂದ ಒಂದು ಹನಿ ಸ್ಲೈಡಿನ ಮೇಲೆ. ಅದರಲ್ಲಿ ಹತ್ತಿಯ ಎರಡು ಎಳೆ ಹಾಕಿದರೆ ಓಡಾಡುವ ಜೀವಿಗಳ ವೇಗ ತಗ್ಗುತ್ತದೆ. ಹನಿಯ ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಒಂದು ಅಂಚು ಊರಿ, ಓರೆಯಾಗಿ ಮೆಲ್ಲಗೆ ಮಲಗಿಸಬೇಕು, ಇಲ್ಲದಿದ್ದರೆ ಗುಳ್ಳೆ ಕೂರುತ್ತವೆ. ಶುರು ಯಾವಾಗಲೂ 4ರ ಲೆನ್ಸಿನಿಂದ, ಆಮೇಲೆ 10. 40ಕ್ಕೆ ಬಂದರೆ ಸಣ್ಣ ನಾಬ್ ಮಾತ್ರ. ಅಲ್ಲಿ ಲೆನ್ಸಿಗೂ ಗಾಜಿಗೂ ಒಂದು ಮಿಲಿಮೀಟರ್ ಅಂತರವೂ ಇರುವುದಿಲ್ಲ.

ಬೆಳಕಿನ ಹಾದಿ ಪೂರ್ತಿ ತೆರೆದಿದ್ದರೆ ಬರೀ ಬಿಳಿ ವೃತ್ತ, ಅದರಲ್ಲಿ ಒಂದಿಷ್ಟು ಹಸಿರು. ಕೆರೆಯ ಜೀವಿಗಳ ಮೈ ನೀರಿನಷ್ಟೇ ಪಾರದರ್ಶಕ, ಹಾಗಾಗಿ ಬೆಳಕಿನಲ್ಲಿ ಕರಗಿಹೋಗುತ್ತವೆ. ಈಗ ಹಿಡಿಯನ್ನು ನಿಧಾನಕ್ಕೆ ಸರಿಸಿ. ಬೆಳಕು ಬರುವ ಕಂಡಿ, ಅಂದರೆ ಡಯಾಫ್ರಮ್, ಕಿರಿದಾದ ಹಾಗೆ ಅಂಚುಗಳು ಮೂಡುತ್ತವೆ. ಏನೂ ಇಲ್ಲ ಅಂದುಕೊಂಡ ಜಾಗದಲ್ಲಿ ವೋರ್ಟಿಸೆಲ್ಲಾ ಅನ್ನುವ ಏಕಕೋಶ ಜೀವಿ ನಿಂತಿರುತ್ತದೆ. ಪಾಚಿಗೆ ಅಂಟಿದ ತೆಳು ದಂಟು, ಅದರ ತುದಿಗೆ ತಲೆಕೆಳಗು ಮಾಡಿದ ಗಂಟೆಯಂಥ ಮೈ. ಬಾಯಿಯ ಸುತ್ತ ಕೂದಲಿನಂಥ ಎಳೆಗಳು ಬಡಿದು ನೀರಿನಲ್ಲಿ ಸುಳಿ ಎಬ್ಬಿಸುತ್ತವೆ, ಕಣಗಳು ಒಳಗೆ ಬೀಳುತ್ತವೆ. ಮೇಜಿಗೆ ಬೆರಳು ತಾಗಿದರೂ ಸಾಕು, ದಂಟು ಸುರುಳಿ ಸುತ್ತಿ ಗಬಕ್ಕನೆ ಕುಸಿಯುತ್ತದೆ. ಆಮೇಲೆ ಅವಸರವಿಲ್ಲದೆ ಮತ್ತೆ ನೆಟ್ಟಗಾಗುತ್ತದೆ. ನನ್ನ ಮಗಳು ಇದನ್ನು ನೋಡಲು ಊಟ ಬಿಟ್ಟು ಬರುತ್ತಾಳೆ.

ಹಾಗಂತ ಜಾಸ್ತಿ ಮುಚ್ಚಬಾರದು. ಅಂಚಿನ ಸುತ್ತ ಕಪ್ಪು ಗೆರೆ ಬಂದು ಸಣ್ಣ ವಿವರ ಹಾಳಾಗುತ್ತದೆ. ಐಪೀಸ್ ತೆಗೆದು ಕೊಳವೆಯೊಳಗೆ ನೋಡಿದರೆ ಬೆಳಕಿನ ವೃತ್ತ ಕಾಣುತ್ತದೆ, ಅದರ ಮುಕ್ಕಾಲು ಭಾಗ ಉಳಿಯುವಷ್ಟು ತೆರೆದಿಟ್ಟು ಶುರು ಮಾಡಿ. ಕಣ್ಣಿಗೆ ಚುಚ್ಚುತ್ತಿದ್ದರೆ ದೀಪ ತಗ್ಗಿಸಿ. ಅದಕ್ಕೆ ಈ ಹಿಡಿ ಮುಟ್ಟಬೇಡಿ.

ಸುಮಾರು ₹8,000 ಕೊಟ್ಟಿದ್ದೆ. 25ರ ಐಪೀಸ್ ಡಬ್ಬದಲ್ಲೇ ಬಿದ್ದಿದೆ, ನಾನು ನೋಡುವುದೆಲ್ಲ 10ರ ಐಪೀಸ್ ಹಾಕಿ, 100 ಮತ್ತು 400 ಪಟ್ಟಿನಲ್ಲೇ. 5ಕ್ಕೆ 4 ಕೊಡುತ್ತೇನೆ. ಕೊಳ್ಳುವ ಮೊದಲು ಎಷ್ಟು ಪಟ್ಟು ಅಂತ ಕೇಳಬೇಡಿ, ಕಂಡೆನ್ಸರ್ ಜೊತೆ ಐರಿಸ್ ಡಯಾಫ್ರಮ್ ಇದೆಯಾ ಕೇಳಿ. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಅದರ ಬದಲು ತೂತುಗಳಿರುವ ತಟ್ಟೆ ಇರುತ್ತದೆ. ಸ್ವಲ್ಪ ಜಾಸ್ತಿ ದುಡ್ಡಾದರೂ ಹಿಡಿ ಇರುವುದನ್ನೇ ತಗೊಳ್ಳಿ.