ಸ್ಟಾಕ್‌ಹೋಮ್ ವೀಕೆಂಡ್: ದುಬಾರಿ ಪಾಸಾ, 72 ಗಂಟೆಯ ಟಿಕೆಟ್ಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟಿಕೆಟ್ಟಿಗೆ. ಪಾಸ್ ತಗೊಂಡು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ನಾವಿರುವುದು ಮ್ಯೂನಿಕ್‌ನಲ್ಲಿ. ಸ್ಟಾಕ್‌ಹೋಮ್‌ಗೆ ಎರಡು ಸಲ ಹೋಗಿದ್ದೇವೆ, ಎರಡೂ ಸಲ ಇಳಿದಿದ್ದು ಶುಕ್ರವಾರ ಮಧ್ಯಾಹ್ನ. ಮೊದಲ ಸಲ ಎರಡು ದಿನದ ಸೈಟ್‌ಸೀಯಿಂಗ್ ಪಾಸ್, ಅಂದರೆ ಒಂದೇ ದುಡ್ಡಿಗೆ ಹಲವು ಜಾಗಗಳ ಪ್ರವೇಶ. 2024ರಲ್ಲಿ ಊರಿಂದ ಅಪ್ಪ ಬಂದಾಗ ಅಲ್ಲಿನ ನಗರ ಸಾರಿಗೆ ಸಂಸ್ಥೆ ಎಸ್‌ಎಲ್‌ನ 72 ಗಂಟೆಯ ಟಿಕೆಟ್, 350 ಕ್ರೋನಾ. ಮೆಟ್ರೋ, ಬಸ್, ಟ್ರಾಮ್ ಎಲ್ಲ ಅದರಲ್ಲೇ.

ಪಾಸಿನ ಕಥೆ ಕೇಳಿ. ಶುಕ್ರವಾರ ನಾಲ್ಕು ಗಂಟೆಗೆ ವಾಸಾ ಎಂಬ ಹಳೇ ಹಡಗಿನ ಮ್ಯೂಸಿಯಂ ಬಾಗಿಲಲ್ಲಿ ಸ್ಕ್ಯಾನ್ ಮಾಡಿಸಿದೆವು. ಎರಡು ದಿನ ಅಂದರೆ 48 ಗಂಟೆ ಅಂದುಕೊಂಡಿದ್ದೆ. ಅಲ್ಲ! ಅದು ತಾರೀಖಿನ ಲೆಕ್ಕ. ರಾತ್ರಿ ಹನ್ನೆರಡಕ್ಕೆ ಒಂದು ದಿನ ಖಾಲಿ. ಅವತ್ತು ಮ್ಯೂಸಿಯಂ ಮುಚ್ಚಿದ್ದು ಐದಕ್ಕೆ. ಅಲ್ಲಿಗೆ ಒಂದು ದಿನದ ದುಡ್ಡಿಗೆ ಸಿಕ್ಕಿದ್ದು ಒಂದೇ ಗಂಟೆ. ವಾಸಾ ಹಡಗು 1628ರಲ್ಲಿ ಮೊದಲ ಯಾನದಲ್ಲೇ, ಒಂದೂವರೆ ಕಿಲೋಮೀಟರ್ ಕೂಡ ದಾಟದೆ ಮುಳುಗಿತ್ತು. ನಮ್ಮ ಪಾಸು ಅದರ ತಮ್ಮ.

ಸಾಲದ್ದಕ್ಕೆ ಮಗಳಿಗೂ ಪಾಸ್ ತಗೊಂಡಿದ್ದೆ. ವಾಸಾದಲ್ಲಿ 18 ವರ್ಷದವರೆಗೆ ಮಕ್ಕಳಿಗೆ ದುಡ್ಡೇ ಇಲ್ಲ. ಅದು ಗೊತ್ತಾಗಿದ್ದು ಒಳಗೆ ಹೋದ ಮೇಲೆ.

ಶನಿವಾರ ಪೂರ್ತಿ ಓಟ. ಅರಮನೆ, ಸ್ಕಾನ್ಸೆನ್ ಬಯಲು ಮ್ಯೂಸಿಯಂ, ಮತ್ತೊಂದು, ಮಗದೊಂದು. "ಹೇಗೂ ದುಡ್ಡು ಕೊಟ್ಟಾಗಿದೆ, ನೋಡಿಬಿಡೋಣ" ಅನ್ನುವುದೇ ಮಂತ್ರ. ಓಡಾಟದ ಖರ್ಚು ಪಾಸಿನಲ್ಲಿ ಸೇರಿಲ್ಲ, ಅದು ಬೇರೆ. ಭಾನುವಾರಕ್ಕೆ ಪಾಸೂ ಮುಗಿದಿತ್ತು, ಕಾಲೂ ಸೋತಿತ್ತು.

ಟಿಕೆಟ್ಟಿನಲ್ಲಿ ಈ ತಂಟೆ ಇಲ್ಲ. ಶುಕ್ರವಾರ ಮೂರಕ್ಕೆ ಶುರು ಮಾಡಿದರೆ ಸೋಮವಾರ ಮೂರರ ತನಕ ನಮ್ಮದೇ. ಸ್ಲುಸ್ಸೆನ್‌ನಿಂದ ಯೂರ್ಗೋರ್ಡೆನ್ ದ್ವೀಪಕ್ಕೆ 82ನೇ ನಂಬರಿನ ದೋಣಿಯೂ ಇದರಲ್ಲೇ ಬರುತ್ತದೆ. ಹತ್ತು ನಿಮಿಷದ ದಾರಿ, ಹಿಂದೆ ಹಳೇ ಪೇಟೆ ಗಾಮ್ಲಾ ಸ್ಟಾನ್‌ನ ಮನೆಗಳ ಸಾಲು. ಅಪ್ಪ ಸುಮ್ನೆ ಮೂರು ಸಲ ಹೋಗಿ ಬಂದರು. ಮೆಟ್ರೋ ಸ್ಟೇಷನ್ನುಗಳಿಗೇ ಅರ್ಧ ದಿನ ಬೇಕು. ಟಿ-ಸೆಂಟ್ರಾಲೆನ್‌ನ ಬಂಡೆಯ ಮೇಲೆ ಬಣ್ಣದಲ್ಲಿ ಬರೆದ ನೀಲಿ ಬಳ್ಳಿಗಳು, ಸೋಲ್ನಾ ಸೆಂಟ್ರುಮ್‌ನಲ್ಲಿ ಕೆಂಡದಂಥ ಕೆಂಪು ಆಕಾಶ, ಸ್ಟಾಡಿಯೋನ್‌ನಲ್ಲಿ ಕಾಮನಬಿಲ್ಲು.

ವಾಸಾಗೆ ಬೇರೆ ಟಿಕೆಟ್ ತಗೊಂಡು ಎರಡೂವರೆ ಗಂಟೆ ಇದ್ದೆವು. ಹೋದ ಸಲ ನಲವತ್ತು ನಿಮಿಷದಲ್ಲಿ ಮುಗಿಸಿದ್ದೆ ಎಂದೆ. "333 ವರ್ಷ ನೀರೊಳಗೆ ಕೂತಿದ್ದ ಹಡಗು ಕಣೋ, ಸ್ವಲ್ಪ ನಿಂತು ನೋಡೋದಲ್ವಾ?" ಅಂದರು ಅಪ್ಪ.

ಟಿಕೆಟ್ಟಿನಲ್ಲೂ ಒಂದು ಕೊರತೆ ಇದೆ. ಆರ್ಲಾಂಡಾ ವಿಮಾನ ನಿಲ್ದಾಣಕ್ಕೆ ನೇರ ರೈಲಿನಲ್ಲಿ ಹೋದರೆ ಜಾಸ್ತಿ ದುಡ್ಡು ಕೊಡಬೇಕು. ನಾವು ಮೆರ್‌ಸ್ಟಾ ತನಕ ಲೋಕಲ್ ರೈಲು, ಅಲ್ಲಿಂದ 583ನೇ ಬಸ್ ಹಿಡಿದೆವು. ಗಂಟೆಗೂ ಮೇಲಾಯಿತು, ಸೂಟ್‌ಕೇಸ್ ಎತ್ತಿ ಇಳಿಸಿ ಸಾಕಾಯಿತು.

ಬೆಳಗ್ಗೆ ಹತ್ತಕ್ಕೇ ಹೊರಟು ದಿನಕ್ಕೆ ನಾಲ್ಕೈದು ಜಾಗ ನೋಡುವವರಿಗೆ ಪಾಸೇ ಲಾಭ. ನಾವು ಅವಲಕ್ಕಿ ತಿಂದು ಮನೆ ಬಿಡುವಾಗಲೇ ಹನ್ನೊಂದು.

ವಾಪಸ್ ಬರುವಾಗ ಟಿಕೆಟ್ಟಿನಲ್ಲಿ ಇನ್ನೂ ಎರಡು ಗಂಟೆ ಉಳಿದಿತ್ತು. ಅದನ್ನು ಯಾರಿಗಾದರೂ ಕೊಡಲು ಬರುತ್ತದಾ ಎಂದು ಅಪ್ಪ ಎರಡು ಸಲ ಕೇಳಿದರು.