ತಾಳಗುಂದಕ್ಕೆ ಬಾಡಿಗೆ ಕಾರು: ಡ್ರೈವರ್‌ಗೆ ಐದು ಸ್ಟಾರ್, ಏಸಿಗೆ ಎರಡು

ಶಿವಮೊಗ್ಗದಿಂದ ಕಾರು ಮಾಡಿಕೊಂಡು ತಾಳಗುಂದಕ್ಕೆ ಹೋಗಿದ್ದೆವು. ಏಸಿ ಅಷ್ಟಕ್ಕಷ್ಟೆ, ಬಾಡಿಗೆಯೂ ಸ್ವಲ್ಪ ಜಾಸ್ತಿ. ಆದರೆ ಡ್ರೈವರ್ ಅಣ್ಣ ಶಿರಾಳಕೊಪ್ಪದ ಕಡೆಯವರು. ಸುಮ್ನೆ ಮೊಬೈಲ್ ನೋಡುತ್ತಾ ಕೂರದೆ ಪ್ರಣವೇಶ್ವರ ಗುಡಿಯವರೆಗೂ ಜೊತೆಗೇ ಬಂದರು.

“ಸಾರ್, 2013ರಲ್ಲಿ ಇಲ್ಲೇ ಅಗೆದಾಗ ಸಿಂಹಕಟಾಂಜನ ಶಾಸನ, ಅಂದ್ರೆ ಸಿಂಹ ಕೆತ್ತಿದ ಮೆಟ್ಟಿಲ ಪಕ್ಕದ ಕಲ್ಲಿನ ಬರಹ, ಸಿಕ್ಕಿದ್ದು. ಕ್ರಿ.ಶ. 370ರದ್ದಂತೆ, ಹಲ್ಮಿಡಿಗಿಂತ ಹಳೇದು!” ಎನ್ನುವಾಗ ಅವರ ಮುಖ ನೋಡಬೇಕಿತ್ತು. ಸ್ವಂತ ಗದ್ದೆಯಲ್ಲಿ ನಿಧಿ ಸಿಕ್ಕವರ ಹಾಗೆ.

ಗುಡಿ ಮುಂದಿನ ಕದಂಬರ ಶಾಸನದ ಕಂಬದ ಹತ್ತಿರವೂ ನಿಲ್ಲಿಸಿಕೊಂಡರು. ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡುತ್ತವೆ. ಒಂದೊಂದು ಅಕ್ಷರದ ನೆತ್ತಿಯ ಮೇಲೂ ಪುಟ್ಟ ಚೌಕ. ಅವರು ಹೇಳದಿದ್ದರೆ ಯಾರು ಗಮನಿಸುತ್ತಿದ್ದರು, ಅಲ್ವಾ? ವಾಪಸ್ ಬರುವಾಗ ಬಳ್ಳಿಗಾವಿಗೂ ಕರೆದೊಯ್ದರು. ಕಾರು ಬುಕ್ ಮಾಡುವಾಗಲೇ ಇವರೇ ಬೇಕು ಅಂತ ಕೇಳಿ.